ಸತ್ತ ಹುಡುಗರ ಸಾಕ್ಷಿ

ಕೊಲೆಯಾದವರೇ ಎದ್ದುಬಂದು ಕೊಲೆಗಾರನ ಹೆಸರು ಹೇಳಿಬಿಟ್ಟರೆ ಪತ್ತೇದಾರನಿಗೆ ಏನು ಕೆಲಸ? ಹದಿಹರೆಯದ ದೆವ್ವಗಳ ರಹಸ್ಯ ಕಾದಂಬರಿಗಳು ಈ ಪ್ರಶ್ನೆಗೆ ಬಗೆಬಗೆಯ ಉತ್ತರ ಹುಡುಕಿವೆ. ಆ ಉತ್ತರಗಳಲ್ಲಿ ದೆವ್ವಗಳ ಸಮಾಚಾರ ಕಡಿಮೆ, ನಮ್ಮ ಮನೆಯ ಮಕ್ಕಳ ಸಮಾಚಾರವೇ ಹೆಚ್ಚು.

ಹುಡುಗನ ಹೆಸರು ವಿಲ್, ವಯಸ್ಸು 15. ಮನೆಯಿಂದ ಹೊರಬಿದ್ದು ಲಿಫ್ಟ್ ಹತ್ತಿದ್ದಾನೆ. ಸೊಂಟಕ್ಕೆ ಅಣ್ಣನ ಪಿಸ್ತೂಲು ಸಿಕ್ಕಿಸಿಕೊಂಡಿದ್ದಾನೆ. ಆ ಅಣ್ಣ, ಶಾನ್, ಮೊನ್ನೆಯಷ್ಟೇ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದ. ಕೊಂದವನು ಯಾರೆಂದು ತನಗೆ ಗೊತ್ತು ಎಂದು ವಿಲ್ ನಂಬಿದ್ದಾನೆ. ಲಿಫ್ಟ್ ಕೆಳಗಿಳಿಯಲು ಒಂದು ನಿಮಿಷ ಸಾಕು. ಇಳಿದು, ನಡೆದು ಹೋಗಿ, ಗುಂಡು ಹಾರಿಸಿದರೆ ಲೆಕ್ಕ ಚುಕ್ತಾ. ಆದರೆ ಏಳನೇ ಮಹಡಿಯಲ್ಲಿ ಲಿಫ್ಟ್ ನಿಲ್ಲುತ್ತದೆ, ಬಕ್ ಒಳಗೆ ಬರುತ್ತಾನೆ. ಶಾನ್‌ನ ಕೈಗೆ ಈ ಪಿಸ್ತೂಲು ಬಂದದ್ದೇ ಬಕ್‌ನಿಂದ. ಬಕ್ ಸತ್ತು ಎಷ್ಟೋ ಕಾಲವಾಗಿದೆ.

ಜೇಸನ್ ರೆನಾಲ್ಡ್ಸ್ 2017ರಲ್ಲಿ ಪ್ರಕಟಿಸಿದ ‘ಲಾಂಗ್ ವೇ ಡೌನ್’ ಕಾದಂಬರಿ ನಡೆಯುವುದೆಲ್ಲ ಹೆಚ್ಚುಕಡಿಮೆ ಈ ಒಂದು ನಿಮಿಷದಲ್ಲಿ. ಅದರಲ್ಲಿ ಪತ್ತೇದಾರನಿಲ್ಲ, ತನಿಖೆ ನಡೆಸುವ ಪೊಲೀಸನಿಲ್ಲ. ಇಡೀ ಪುಸ್ತಕ ಇರುವುದು ಮುಕ್ತಛಂದದ ಪದ್ಯಗಳಲ್ಲಿ. ಆದರೂ ಅಮೆರಿಕದ ರಹಸ್ಯ ಕಥೆಗಾರರ ಸಂಘ ಕೊಡುವ ಎಡ್ಗರ್ ಪ್ರಶಸ್ತಿ 2018ರಲ್ಲಿ ಹದಿಹರೆಯದವರ ವಿಭಾಗದಲ್ಲಿ ಇದಕ್ಕೇ ಬಂತು. ಮಕ್ಕಳ ಸಾಹಿತ್ಯದ ನ್ಯೂಬೆರಿ ಗೌರವವೂ ಅದೇ ವರ್ಷ ಬಂತು. ದೆವ್ವಗಳಿಂದ ತುಂಬಿದ ಪದ್ಯಪುಸ್ತಕಕ್ಕೆ ಪತ್ತೇದಾರಿ ಸಾಹಿತ್ಯದ ಬಹುಮಾನ ಬಂತೆಂದರೆ, ಆ ಪ್ರಕಾರದ ಹಳೆಯ ಕಟ್ಟಳೆಯೊಂದು ಮುರಿದಿದೆ ಎಂದೇ ಅರ್ಥ.

ಕಟ್ಟಳೆಯ ಹೊರಗಿನವರು

ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದರು. ಕಥೆಯಲ್ಲಿ ಅತಿಮಾನುಷ ಶಕ್ತಿಗೆ ಜಾಗವಿಲ್ಲ ಎಂಬುದು ಅವುಗಳಲ್ಲೊಂದು. ಕಾರಣ ಸರಳ. ಪತ್ತೇದಾರಿ ಕಥೆ ಓದುಗನಿಗೂ ಲೇಖಕನಿಗೂ ನಡುವಿನ ಪಂದ್ಯ. ಸುಳಿವುಗಳೆಲ್ಲ ಇಬ್ಬರ ಮುಂದೂ ಇರಬೇಕು. ಕೊನೆಯ ಅಧ್ಯಾಯದಲ್ಲಿ ಸತ್ತವಳು ಪ್ರತ್ಯಕ್ಷಳಾಗಿ ಇವನೇ ಕೊಂದವನು ಎಂದು ಬೆರಳು ತೋರಿಸಿದರೆ ಅದು ಮೋಸದಾಟ.

ಸತ್ತವರ ಮಾತನ್ನು ಸಾಕ್ಷಿಯಾಗಿ ಒಪ್ಪಬೇಕೇ ಎಂಬ ಅನುಮಾನ ಇನ್ನೂ ಹಳೆಯದು. ಹ್ಯಾಮ್ಲೆಟ್‌ನಿಗೆ ತಂದೆಯ ಪ್ರೇತವೇ ಬಂದು ಕೊಲೆಗಾರನ ಹೆಸರು ಹೇಳಿದರೂ ಅವನು ಪೂರ್ತಿ ನಂಬುವುದಿಲ್ಲ. ನಾಟಕ ಆಡಿಸಿ, ಚಿಕ್ಕಪ್ಪನ ಮುಖ ನೋಡಿ ಖಚಿತ ಮಾಡಿಕೊಳ್ಳುತ್ತಾನೆ. ಜಪಾನಿನ ಅಕುತಾಗಾವ 1922ರಲ್ಲಿ ಬರೆದ ಕಥೆಯಲ್ಲಿ ಕೊಲೆಯಾದ ಸಮುರಾಯ್ ಮೈಮೇಲೆ ಬಂದವಳ ಬಾಯಿಂದ ಹೇಳಿಕೆ ಕೊಡುತ್ತಾನೆ. ಅದು ಉಳಿದವರ ಹೇಳಿಕೆಗೆ ಹೊಂದುವುದೇ ಇಲ್ಲ. ಕುರೊಸಾವಾ ‘ರಶೋಮನ್’ ಚಿತ್ರ ಮಾಡಿದ್ದು ಈ ಕಥೆಯಿಂದಲೇ. ಸತ್ತವರು ಎಂದಮಾತ್ರಕ್ಕೆ ಸತ್ಯವನ್ನೇ ಹೇಳುತ್ತಾರೆ ಅನ್ನುವಂತಿಲ್ಲ.

ಹೀಗಾಗಿ ದೆವ್ವವನ್ನೂ ಇಟ್ಟುಕೊಂಡು ರಹಸ್ಯವನ್ನೂ ಉಳಿಸಿಕೊಳ್ಳಬೇಕೆಂದರೆ ಲೇಖಕನಿಗೆ ದಾರಿ ಒಂದೇ: ದೆವ್ವದ ಬಾಯಿ ಕಟ್ಟಬೇಕು. ಅದಕ್ಕೆ ಕಾಣಬೇಕು, ಆದರೆ ಹೇಳಲು ಆಗಬಾರದು. ಇಲ್ಲವೇ ಹೇಳಿದ್ದು ಯಾರಿಗೂ ಕೇಳಿಸಬಾರದು. ಇಲ್ಲವೇ ತಾನು ಸತ್ತಿದ್ದೇನೆಂದು ಅದಕ್ಕೇ ಗೊತ್ತಿರಬಾರದು. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಹದಿಹರೆಯದ ದೆವ್ವಗಳ ಮೇಲೆ ಬಂದ ಒಳ್ಳೆಯ ಕಾದಂಬರಿಗಳನ್ನು ಜೊತೆಗಿಟ್ಟು ನೋಡಿದರೆ, ಬಾಯಿ ಕಟ್ಟುವ ಈ ತಂತ್ರಗಳು ಮಂತ್ರವಾದದ ಪುಸ್ತಕದಿಂದ ಬಂದವಲ್ಲ ಎಂದು ತಿಳಿಯುತ್ತದೆ. ಅವು ಬಂದಿರುವುದು ಹದಿಹರೆಯದಿಂದಲೇ. ಬದುಕಿರುವ ಹುಡುಗ ಹುಡುಗಿಯರ ಬಾಯಿ ಯಾವುದರಿಂದ ಕಟ್ಟಿದೆಯೋ ಸತ್ತವರ ಬಾಯಿಯೂ ಅದರಿಂದಲೇ ಕಟ್ಟಿದೆ.

ಮೂರು ನಿಯಮ, ಏಳು ಮಹಡಿ

ವಿಲ್ ಬೆಳೆದ ಬೀದಿಯಲ್ಲಿ ಮೂರು ನಿಯಮ. ಅಳಬಾರದು, ಯಾರ ಹೆಸರನ್ನೂ ಪೊಲೀಸರಿಗೆ ಹೇಳಬಾರದು, ನಿನ್ನವರನ್ನು ಕೊಂದವರನ್ನು ಬಿಡಬಾರದು. ಅಪ್ಪನಿಂದ ಅಣ್ಣನಿಗೆ, ಅಣ್ಣನಿಂದ ತಮ್ಮನಿಗೆ ಆಸ್ತಿಯಂತೆ ಬಂದ ನಿಯಮಗಳು. ಎರಡನೆಯ ನಿಯಮ ಇರುವ ತನಕ ಆ ಬೀದಿಯ ಯಾವ ಕೊಲೆಗೂ ಸಾಕ್ಷಿ ಸಿಗುವುದಿಲ್ಲ, ಮೂರನೆಯದು ಇರುವ ತನಕ ಕೊಲೆ ನಿಲ್ಲುವುದಿಲ್ಲ.

ಲಿಫ್ಟ್ ಹತ್ತುವ ದೆವ್ವಗಳಲ್ಲಿ ಹೆಚ್ಚಿನವರೂ ಈ ನಿಯಮದೊಳಗೇ ಸತ್ತವರು. ಬಕ್, ಅಪ್ಪನ ಸೋದರ ಮಾರ್ಕ್, ವಿಲ್‌ನ ಅಪ್ಪ, ಫ್ರಿಕ್ ಎಂಬೊಬ್ಬ, ಕೊನೆಗೆ ಶಾನ್. ಯಾರೂ ವಿಲ್‌ಗೆ ಕೊಲೆಗಾರನ ಹೆಸರು ಹೇಳುವುದಿಲ್ಲ, ಹೋಗಬೇಡ ಎಂದು ಉಪದೇಶವನ್ನೂ ಮಾಡುವುದಿಲ್ಲ. ಅವರು ಮಾಡುವುದು ಪ್ರಶ್ನೆ ಕೇಳುವುದು, ತಂತಮ್ಮ ಸಾವಿನ ಕಥೆ ಹೇಳುವುದು. ಪಿಸ್ತೂಲಿನಲ್ಲಿ ಒಂದು ಗುಂಡು ಕಡಿಮೆ ಇರುವುದನ್ನು ತೋರಿಸಿಕೊಡುವವನು ಬಕ್. ಹಾಗಾದರೆ ಆ ಗುಂಡು ಎಲ್ಲಿ ಹೋಯಿತು? ಯಾರ ಮೈಯೊಳಗೆ? ಓದುಗ ಅಲ್ಲಿಯ ತನಕ ಕೇಳುತ್ತಿದ್ದುದು ಶಾನ್‌ನನ್ನು ಕೊಂದವರು ಯಾರು ಎಂಬ ಪ್ರಶ್ನೆ. ಈಗ ಶಾನ್ ಯಾರನ್ನು ಕೊಂದಿದ್ದ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ರಹಸ್ಯ ಕಥೆಯಾಗಿ ಈ ಪುಸ್ತಕದ ಹೆಚ್ಚುಗಾರಿಕೆ ಇರುವುದು ಇಲ್ಲಿ. ಇನ್ನೊಂದು ಕಡೆ ವಿಲ್ ತನ್ನ ಆರೋಪಿಯ ವಿರುದ್ಧ ಕೂಡಿಸಿಟ್ಟುಕೊಂಡ ಪುರಾವೆಗಳನ್ನು ವಿಲ್‌ನ ಬಾಯಿಂದಲೇ ಕೇಳುತ್ತ ಹೋದರೆ, ಅರ್ಧ ಊಹೆ, ಅರ್ಧ ಟಿವಿಯ ಪೊಲೀಸ್ ಧಾರಾವಾಹಿ. ಯಾವ ನ್ಯಾಯಾಲಯದಲ್ಲೂ ನಿಲ್ಲದ ಪುರಾವೆಗಾಗಿ ಒಬ್ಬನನ್ನು ಕೊಲ್ಲಲು ಹೊರಟ ಹುಡುಗ ಇವನು.

ರೆನಾಲ್ಡ್ಸ್ ಇದನ್ನು ಊಹಿಸಿ ಬರೆದದ್ದಲ್ಲ. ಅವರಿಗೆ 19 ವರ್ಷವಾಗಿದ್ದಾಗ ಗೆಳೆಯನೊಬ್ಬನ ಕೊಲೆಯಾಯಿತು, ಗೆಳೆಯರೆಲ್ಲ ಸೇರಿ ಸೇಡಿನ ಮಾತಾಡಿದ್ದರು ಎಂಬುದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬಾಲಾಪರಾಧಿಗಳ ಕೇಂದ್ರಗಳಿಗೆ ಹೋಗಿ ಹುಡುಗರ ಜೊತೆ ಕೂತು ಮಾತಾಡಿದ್ದಾರೆ. 2020ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಯುವ ಓದುಗರ ಸಾಹಿತ್ಯ ರಾಯಭಾರಿಯಾಗಿದ್ದವರೂ ಅವರೇ. ಅದೇ 2020ರಲ್ಲಿ ಆ ದೇಶದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ರಸ್ತೆ ಅಪಘಾತವನ್ನೂ ಮೀರಿ ಬಂದೂಕು ಮೊದಲ ಕಾರಣವಾಯಿತು. ಇದು ಅಲ್ಲಿನ ಸರ್ಕಾರದ ಆರೋಗ್ಯ ಅಂಕಿಅಂಶ ಹೇಳುವ ಮಾತು. ಆ ಲಿಫ್ಟಿನಲ್ಲಿ ಯಾಕಿಷ್ಟು ಜನ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಗೊತ್ತಿದ್ದೂ ಹೇಳಲಾರದವಳು

ಆಲಿಸ್ ಸೀಬೋಲ್ಡ್ ಅವರ ‘ದ ಲವ್ಲಿ ಬೋನ್ಸ್’ (2002) ದೊಡ್ಡವರ ಕಾದಂಬರಿಯಾಗಿಯೇ ಹೊರಬಂದರೂ ಅದನ್ನು ಎತ್ತಿಕೊಂಡವರಲ್ಲಿ ಹದಿಹರೆಯದವರು ಬಹಳ. ಸೂಸಿ ಸಾಲ್ಮನ್‌ಗೆ 14 ವರ್ಷ. 1973ರ ಡಿಸೆಂಬರ್ 6ರಂದು ಪೆನ್ಸಿಲ್ವೇನಿಯಾದ ಊರೊಂದರಲ್ಲಿ ನೆರೆಮನೆಯವನೇ ಅವಳನ್ನು ಕೊಲ್ಲುತ್ತಾನೆ. ಇದು ಮೊದಲ ಪುಟಗಳಲ್ಲೇ ಗೊತ್ತಾಗುತ್ತದೆ. ಕಥೆ ಹೇಳುತ್ತಿರುವವಳೇ ಅವಳು, ತನ್ನ ಪಾಲಿನ ಸ್ವರ್ಗದಲ್ಲಿ ಕೂತು. ಓದುಗನಿಗೆ ಗೊತ್ತು, ಅವಳಿಗೆ ಗೊತ್ತು, ಭೂಮಿಯ ಮೇಲೆ ಕೊಲೆಗಾರನ ಹೊರತು ಯಾರಿಗೂ ಗೊತ್ತಿಲ್ಲ. ಪೊಲೀಸರಿಗೆ ಸಿಗುವುದು ಮೊಣಕೈಯ ಒಂದು ಮೂಳೆ. ಅಪ್ಪನಿಗೆ ಅನುಮಾನ ಬಂದರೂ ಹುಚ್ಚನೆನಿಸಿಕೊಳ್ಳುತ್ತಾನೆ. ತಂಗಿ ಲಿಂಡ್ಸಿ ಕೊಲೆಗಾರನ ಮನೆಗೆ ನುಗ್ಗಿ ಪುರಾವೆ ತರುತ್ತಾಳೆ. ಸೂಸಿ ಎಲ್ಲವನ್ನೂ ಮೇಲಿಂದ ನೋಡುತ್ತಾಳೆ, ಒಂದು ಮಾತೂ ಕೆಳಗೆ ತಲುಪುವುದಿಲ್ಲ. ಆಗಬಾರದ್ದು ಆದಮೇಲೆ ಮನೆಯಲ್ಲಿ ಬಾಯಿ ಬಿಡಲಾಗದೆ ಕೂತ ಎಷ್ಟೋ ಹುಡುಗಿಯರು ಅವಳಲ್ಲಿ ತಮ್ಮನ್ನು ಕಂಡದ್ದು ಸಹಜವೇ.

ಈ ಕಾದಂಬರಿಯ ಹಿಂದೆ ನಿಜಜೀವನದ ಒಂದು ಪ್ರಕರಣವಿದೆ. ಅದನ್ನು ಬಿಟ್ಟು ಇದರ ಬಗ್ಗೆ ಮಾತಾಡುವುದು ಈಗ ಸಾಧ್ಯವಿಲ್ಲ. 1981ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಓದುತ್ತಿದ್ದಾಗ ಸೀಬೋಲ್ಡ್ ಅತ್ಯಾಚಾರಕ್ಕೆ ಒಳಗಾದರು. ನ್ಯಾಯಾಲಯದಲ್ಲಿ ಅವರು ಗುರುತಿಸಿದ ಆಂಥನಿ ಬ್ರಾಡ್‌ವಾಟರ್ ಎಂಬ ಕಪ್ಪು ಯುವಕ 16 ವರ್ಷ ಜೈಲಿನಲ್ಲಿದ್ದರು. 2021ರ ನವೆಂಬರ್‌ನಲ್ಲಿ ಆ ಶಿಕ್ಷೆಯನ್ನು ನ್ಯಾಯಾಲಯವೇ ರದ್ದು ಮಾಡಿತು, ಸೀಬೋಲ್ಡ್ ಕ್ಷಮೆ ಕೇಳಿದರು. ಅನ್ಯಾಯ ಸೀಬೋಲ್ಡ್‌ಗೂ ಆಗಿತ್ತು, ಬ್ರಾಡ್‌ವಾಟರ್‌ಗೂ ಆಯಿತು. ಕಾದಂಬರಿಯ ಸೂಸಿಗೆ ತನ್ನನ್ನು ಕೊಂದವನ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲ. ಲೋಕದಲ್ಲಿ ಸಾಕ್ಷಿ ಅಷ್ಟು ಸಲೀಸಲ್ಲ. ವಿಲ್‌ನ ಕಥೆ ಸೂಸಿಯ ಕಥೆಗಿಂತ ಒಂದು ಹೆಜ್ಜೆ ಮುಂದೆ ಹೋಗುವುದು ಈ ಕಾರಣಕ್ಕೆ. ಅಲ್ಲಿ ನನಗೆ ಗೊತ್ತು ಎಂಬ ಮಾತೇ ಅತಿ ಅಪಾಯದ್ದು.

ದೊಡ್ಡವರಿಗೆ ಕಾಣದ ಪಿಡುಗು

ಇಂಗ್ಲೆಂಡಿನ ಜೊನಾಥನ್ ಸ್ಟ್ರೌಡ್ ಈ ವಸ್ತುವಿಗೆ ನಗೆಯ ಲೇಪ ಕೊಟ್ಟವರು. 2013ರಿಂದ 2017ರ ತನಕ ಐದು ಪುಸ್ತಕಗಳಲ್ಲಿ ಬಂದ ‘ಲಾಕ್‌ವುಡ್ ಆ್ಯಂಡ್ ಕೋ’ ಸರಣಿಯ ಇಂಗ್ಲೆಂಡಿಗೆ ಸುಮಾರು ಐವತ್ತು ವರ್ಷಗಳಿಂದ ದೆವ್ವಗಳ ಪಿಡುಗು. ರಾತ್ರಿ ದೆವ್ವ ಮುಟ್ಟಿದರೆ ಸಾವು. ಕಬ್ಬಿಣ, ಉಪ್ಪು, ಲ್ಯಾವೆಂಡರ್, ಹರಿಯುವ ನೀರು ಇವೇ ರಕ್ಷೆ. ದೆವ್ವಗಳನ್ನು ಕಾಣುವ, ಕೇಳುವ ಶಕ್ತಿ ಇರುವುದು ಮಕ್ಕಳಿಗೆ ಮಾತ್ರ, ಪ್ರಾಯ ಬಂದಂತೆ ಅದು ಮಾಸಿಹೋಗುತ್ತದೆ. ಹಾಗಾಗಿ ಕತ್ತಿ ಹಿಡಿದು ಕತ್ತಲ ಮನೆಗಳಿಗೆ ನುಗ್ಗುವವರು ಮಕ್ಕಳು, ಹೊರಗೆ ನಿಂತು ಮೇಲ್ವಿಚಾರಣೆ ಮಾಡುವವರು ದೊಡ್ಡವರು, ದುಡ್ಡು ಎಣಿಸುವವರೂ ದೊಡ್ಡವರೇ.

ಕಥೆ ಹೇಳುವ ಲೂಸಿ ಕಾರ್ಲೈಲ್ ಮೊದಲು ಕೆಲಸಕ್ಕಿದ್ದ ಊರಿನಲ್ಲಿ, ಒಳಗೆ ಏನೋ ಸರಿಯಿಲ್ಲ ಎಂದು ಮಕ್ಕಳು ಹೇಳಿದ್ದನ್ನು ಮೇಲ್ವಿಚಾರಕ ಕಿವಿಗೆ ಹಾಕಿಕೊಳ್ಳಲಿಲ್ಲ. ಮಕ್ಕಳು ಸತ್ತರು. ವಿಚಾರಣೆಯಲ್ಲಿ ಅವನ ತಪ್ಪೇನೂ ಇಲ್ಲವೆಂದಾಯಿತು. ಲೂಸಿ ಊರು ಬಿಟ್ಟು ಲಂಡನ್ನಿಗೆ ಬಂದು ಸೇರುವ ಲಾಕ್‌ವುಡ್‌ನ ಕಂಪನಿಯಲ್ಲಿ ದೊಡ್ಡವರೇ ಇಲ್ಲ. ಮೊದಲ ಪುಸ್ತಕದಲ್ಲಿ ಗೋಡೆಯೊಳಗೆ ಮುಚ್ಚಿಟ್ಟ ಶವವೊಂದರ ದೆವ್ವ ಎದುರಾಗುತ್ತದೆ. ದಶಕಗಳ ಹಿಂದೆ ಕೊಲೆಯಾದ ಎಳೆಯ ಹೆಣ್ಣು. ದೆವ್ವ ಪೂರ್ತಿ ಹೇಳುವುದಿಲ್ಲ, ಪಿಸುಮಾತು, ಅರೆಬರೆ ಸದ್ದು ಅಷ್ಟೆ. ಉಳಿದದ್ದನ್ನು ಹಳೆಯ ಪತ್ರಿಕೆಗಳನ್ನು ತಡಕಿ ಜೋಡಿಸಬೇಕು. ನಾಕ್ಸ್ ಪಾದ್ರಿಗಳೂ ಒಪ್ಪಬಹುದಾದ ವ್ಯವಸ್ಥೆ: ದೆವ್ವ ಸುಳಿವು ಕೊಡುತ್ತದೆ, ಬಿಡಿಸುವ ಕೆಲಸ ಬದುಕಿರುವವರದು. ನೆಟ್‌ಫ್ಲಿಕ್ಸ್ 2023ರ ಜನವರಿಯಲ್ಲಿ ಇದನ್ನು ಎಂಟು ಕಂತುಗಳಲ್ಲಿ ತೋರಿಸಿ ಅಷ್ಟಕ್ಕೇ ಕೈಬಿಟ್ಟಿತು. ಪುಸ್ತಕಗಳಿಗೆ ಅದರಿಂದ ನಷ್ಟವೇನೂ ಇಲ್ಲ.

ತರಗತಿಯಲ್ಲೊಬ್ಬರು ಹೆಚ್ಚು

ಇವೆಲ್ಲಕ್ಕಿಂತ ಗಟ್ಟಿ ಒಗಟು ಹೆಣೆದವರು ಜಪಾನಿನ ಯುಕಿತೊ ಅಯಾತ್ಸುಜಿ. 1987ರಲ್ಲಿ ಮೊದಲ ಕಾದಂಬರಿ ಬರೆದಾಗಿನಿಂದ ಅವರು ಶುದ್ಧ ತರ್ಕದ ಪತ್ತೇದಾರಿ ಕಥೆಗೆ ಹೆಸರಾದವರು. ಅಂಥವರು 2009ರಲ್ಲಿ ‘ಅನದರ್’ ಎಂಬ ದೆವ್ವದ ಕಾದಂಬರಿ ಬರೆದರು. ಒಂದು ಊರಿನ ಮಾಧ್ಯಮಿಕ ಶಾಲೆ, ಮೂರನೇ ವರ್ಷದ ಮೂರನೇ ವಿಭಾಗ. ಇಪ್ಪತ್ತಾರು ವರ್ಷದ ಹಿಂದೆ ಎಲ್ಲರಿಗೂ ಅಚ್ಚುಮೆಚ್ಚಾಗಿದ್ದ ಮಿಸಾಕಿ ಎಂಬ ವಿದ್ಯಾರ್ಥಿ ಸತ್ತಾಗ ಸಹಪಾಠಿಗಳು ಸಾವನ್ನು ಒಪ್ಪಲಿಲ್ಲ. ಬೆಂಚು ಹಾಗೇ ಇಟ್ಟರು, ಬದುಕಿರುವಂತೆಯೇ ನಟಿಸಿದರು. ವರ್ಷದ ಕೊನೆಯ ಗುಂಪು ಫೋಟೊದಲ್ಲಿ ಮಿಸಾಕಿ ಮೂಡಿಬಂತು. ಅಂದಿನಿಂದ ಆ ತರಗತಿಯಲ್ಲಿ ಕೆಲವು ವರ್ಷ ಒಂದು ತಲೆ ಹೆಚ್ಚಿರುತ್ತದೆ. ಸತ್ತವರೊಬ್ಬರು ಸೇರಿಕೊಂಡಿರುತ್ತಾರೆ. ಅವರು ಯಾರೆಂದು ಹಾಜರಿ ಪುಸ್ತಕ ಹೇಳುವುದಿಲ್ಲ, ಎಲ್ಲರ ನೆನಪೂ ತಿದ್ದಿಹೋಗಿರುತ್ತದೆ. ತಾನು ಸತ್ತಿರುವುದು ಸತ್ತವರಿಗೂ ಗೊತ್ತಿರುವುದಿಲ್ಲ. ಅಂಥ ವರ್ಷ ತಿಂಗಳು ತಿಂಗಳೂ ವಿದ್ಯಾರ್ಥಿಗಳೋ ಅವರ ಹತ್ತಿರದ ಬಂಧುಗಳೋ ಸಾಯುತ್ತಾರೆ.

ತಡೆಯಲು ತರಗತಿ ಕಂಡುಕೊಂಡ ಉಪಾಯವೇ ಕಾದಂಬರಿಯ ಕ್ರೂರ ಭಾಗ. ಒಬ್ಬರು ಹೆಚ್ಚಿದ್ದರೆ ಒಬ್ಬರನ್ನು ಇಲ್ಲದಂತೆ ಮಾಡಿದರೆ ಲೆಕ್ಕ ಸರಿಹೋಗುತ್ತದಲ್ಲ? ಬದುಕಿರುವ ಒಬ್ಬ ಹುಡುಗಿಯನ್ನು ಆರಿಸಿ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಎಲ್ಲರೂ ನಡೆದುಕೊಳ್ಳುವುದು, ಶಿಕ್ಷಕರೂ ಸೇರಿ. ತರಗತಿಯವರೆಲ್ಲ ಸೇರಿ ಒಬ್ಬರನ್ನು ಮಾತಾಡಿಸದೆ ಬಿಡುವ ಶಿಕ್ಷೆ ಯಾವ ಶಾಲೆಗೂ ಹೊಸದಲ್ಲ. ಅದನ್ನು ಅನುಭವಿಸಿದ ಮಗುವಿಗೆ ಈ ಪುಸ್ತಕದ ಭಯ ಎಲ್ಲಿಂದ ಬರುತ್ತದೆ ಎಂದು ವಿವರಿಸಬೇಕಾಗಿಲ್ಲ. ಸುಳಿವುಗಳೆಲ್ಲ ಕಣ್ಣೆದುರೇ ಇವೆ, ಓದುಗ ಮಾತ್ರ ನೋಡಿಯೂ ನೋಡಿರುವುದಿಲ್ಲ. ಉತ್ತರವನ್ನು ಇಲ್ಲಿ ಹೇಳಿದರೆ ಪಾಪ ಸುತ್ತಿಕೊಳ್ಳುತ್ತದೆ.

ಏಡನ್ ಥಾಮಸ್ ಅವರ ‘ಸೆಮಿಟರಿ ಬಾಯ್ಸ್’ (2020) ಇದಕ್ಕೆ ಎದುರು ದಿಕ್ಕಿನದು. ಪೂರ್ವ ಲಾಸ್ ಏಂಜಲಿಸ್‌ನ ಲ್ಯಾಟಿನೊ ಕುಟುಂಬವೊಂದರಲ್ಲಿ ಗಂಡಸರಿಗೆ ಪ್ರೇತಗಳನ್ನು ಬಿಡುಗಡೆ ಮಾಡುವ ವಿದ್ಯೆ ಬರುತ್ತದೆ. ಲಿಂಗಪರಿವರ್ತಿತ ಹುಡುಗ ಯಾದ್ರಿಯೆಲ್‌ನನ್ನು ಮನೆಯವರು ಗಂಡೆಂದು ಒಪ್ಪಿಲ್ಲ, ವಿದ್ಯೆಯ ಸಂಸ್ಕಾರವನ್ನೂ ಕೊಟ್ಟಿಲ್ಲ. ತಾನೇ ಕದ್ದು ಸಂಸ್ಕಾರ ಮಾಡಿಕೊಂಡು, ಕೊಲೆಯಾದ ಸೋದರಸಂಬಂಧಿಯನ್ನು ಕರೆಯಲು ಹೋದರೆ ಎದ್ದುಬರುವವನು ಬೇರೊಬ್ಬ ಹುಡುಗ, ಜೂಲಿಯನ್. ತಾನು ಹೇಗೆ ಸತ್ತೆನೆಂದು ಅವನಿಗೆ ತಿಳಿಯದು. ಹಿರಿಯರ ಹಬ್ಬದ ಹಿಂದಿನ ದಿನಗಳಲ್ಲಿ ಈ ಪತ್ತೇದಾರಿಕೆ ನಡೆಯುತ್ತದೆ. ಮನೆಯವರಿಗೆ ಕಾಣದವನೊಬ್ಬ, ಲೋಕಕ್ಕೆ ಕಾಣದವನೊಬ್ಬ. ಇಬ್ಬರ ಸ್ನೇಹ ಒಗಟಿಗಿಂತ ಚೆನ್ನಾಗಿದೆ. ಒಗಟು ಕೊಂಚ ತೆಳು, ಪಳಗಿದ ಓದುಗರು ಮೊದಲೇ ಊಹಿಸಿಬಿಡುತ್ತಾರೆ.

ಪ್ರಾಯಕ್ಕೆ ಬರುವ ಪ್ರೇತ

ಸತ್ತ ಮಗು ಸತ್ತ ವಯಸ್ಸಿನಲ್ಲೇ ನಿಂತುಬಿಡುತ್ತದೆ ಎಂಬುದು ಈ ಕಥೆಗಳ ಸಾಮಾನ್ಯ ನಂಬಿಕೆ. ಸೂಸಿ ಎಂದೆಂದಿಗೂ ಹದಿನಾಲ್ಕರವಳು, ತಂಗಿಯೇ ಅವಳನ್ನು ದಾಟಿ ಬೆಳೆಯುತ್ತಾಳೆ. ‘ಲಾಂಗ್ ವೇ ಡೌನ್’ನಲ್ಲಿ ಮಾತ್ರ ಇದಕ್ಕೊಂದು ಅಪವಾದವಿದೆ. ಆರನೇ ಮಹಡಿಯಲ್ಲಿ ಹತ್ತುವ ಚೆಂದದ ಹುಡುಗಿಯ ಗುರುತು ವಿಲ್‌ಗೆ ಹತ್ತುವುದಿಲ್ಲ. ಅವಳು ಡ್ಯಾನಿ, ಆಟದ ಮೈದಾನದಲ್ಲಿ ಎಂಟನೇ ವಯಸ್ಸಿಗೇ ಗುಂಡು ತಗುಲಿ ಸತ್ತ ಗೆಳತಿ. ಸತ್ತಮೇಲೂ ಅವನ ಸರಿಸಮಕ್ಕೆ ಬೆಳೆದಿದ್ದಾಳೆ.

ಅಮೆರಿಕದ ಓದುಗರಿಗೆ ಇದು ಲೇಖಕನ ಚಮತ್ಕಾರ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರಿಗೆ ಇದು ಗೊತ್ತಿರುವ ಸಂಗತಿ. ತುಳುನಾಡಿನ ಕುಲೆ ಮದುವೆಯ ಹಿಂದಿರುವುದು ಇದೇ ನಂಬಿಕೆ: ಚಿಕ್ಕಂದಿನಲ್ಲೇ ತೀರಿಹೋದ ಮಗುವಿನ ಪ್ರೇತ ಬದುಕಿರುವವರ ಜೊತೆಗೇ ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ, ಮದುವೆ ಕೇಳುತ್ತದೆ. ಮನೆಯಲ್ಲಿ ಒಂದರ ಮೇಲೊಂದು ತೊಂದರೆ ಬಂದು ಪ್ರಶ್ನೆ ಇಡಿಸಿದಾಗ ಅದು ತಿಳಿಯುತ್ತದೆ. ಅಂಥದ್ದೇ ಮಗುವನ್ನು ಕಳೆದುಕೊಂಡ ಇನ್ನೊಂದು ಮನೆ ಹುಡುಕಿ, ಸಂಬಂಧ ಕುದುರಿಸಿ, ವಧೂವರರ ಜಾಗದಲ್ಲಿ ಬಟ್ಟೆಗಳನ್ನಿಟ್ಟು ಧಾರೆ ಎರೆಯುತ್ತಾರೆ, ಊಟ ಹಾಕಿಸುತ್ತಾರೆ. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು ಸುಮಾರು 30 ವರ್ಷದ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ಇಂಥ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶವೆಲ್ಲ ಸುದ್ದಿಯಾಯಿತು. ಓದಿ ನಕ್ಕವರಿದ್ದರು. ಮೂವತ್ತು ವರ್ಷ ಒಂದು ಮಗುವಿನ ವಯಸ್ಸನ್ನು ಎಣಿಸುತ್ತ ಬಂದ ಮನೆಯನ್ನು ನೋಡಿ ನಗುವುದು ನನ್ನಿಂದಾಗದು. ಸತ್ತ ಮಗು ಏನನ್ನೋ ಕೇಳುತ್ತಿದೆ, ಬದುಕಿರುವವರು ಅದನ್ನು ಕೇಳಿಸಿಕೊಳ್ಳಬೇಕು ಎಂಬಲ್ಲಿ ತುಳುನಾಡಿನ ಮನೆಯವರೂ ರೆನಾಲ್ಡ್ಸ್ ಕೂಡ ಒಂದೇ ಕಡೆ ನಿಲ್ಲುತ್ತಾರೆ.

ನಮ್ಮ ಕಪಾಟಿನಲ್ಲಿ

ಕನ್ನಡದ ಹದಿಹರೆಯವನ್ನು ಒಂದು ಕಾಲದಲ್ಲಿ ಓದಿಗೆ ಹಚ್ಚಿದ್ದೇ ಪತ್ತೇದಾರಿ ಕಾದಂಬರಿ. ಎನ್. ನರಸಿಂಹಯ್ಯನವರು ಬರೆದ ನೂರಾರು ಪುಸ್ತಕಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಆದರೆ ಆ ಪುಸ್ತಕಗಳ ನಾಯಕರು ದೊಡ್ಡವರು. ಹದಿನೈದರ ಹುಡುಗಿಯೇ ತನ್ನ ಶಾಲೆಯ, ತನ್ನ ಮನೆಯ ರಹಸ್ಯ ಬಿಡಿಸುವ ಕಾದಂಬರಿಗಳು ಇಂದಿಗೂ ನಮ್ಮಲ್ಲಿ ವಿರಳ. ಪುಸ್ತಕದಂಗಡಿಯಲ್ಲಿ ಮಕ್ಕಳ ಕಪಾಟು ದಾಟಿದರೆ ನೇರ ದೊಡ್ಡವರ ಕಪಾಟು. ನಡುವಿನ ವಯಸ್ಸಿನವರು ಇಂಗ್ಲಿಷಿಗೆ ಹೊರಳುತ್ತಾರೆ, ಹೊರಳಿದವರು ಕನ್ನಡಕ್ಕೆ ಮರಳುವುದು ಕಷ್ಟ.

ಬರೆಯಲು ವಸ್ತುವಿಗೇನೂ ಬರವಿಲ್ಲ. ರ‍್ಯಾಂಕಿನ ಒತ್ತಡಕ್ಕೆ ಹಾಸ್ಟೆಲ್ಲಿನಲ್ಲಿ ಪ್ರಾಣ ಬಿಟ್ಟವರು, ಬೇರೆ ಜಾತಿಯವನನ್ನು ಪ್ರೀತಿಸಿದ್ದಕ್ಕೆ ಮನೆಯವರೇ ಮುಗಿಸಿ ಹೊಟ್ಟೆನೋವೆಂದು ಊರಿಗೆ ಹೇಳಿಬಿಟ್ಟ ಹುಡುಗಿಯರು ನಮ್ಮಲ್ಲೂ ಇದ್ದಾರೆ. ಇವರಲ್ಲೊಬ್ಬರು ಎದ್ದುಬಂದು ಮಾತಾಡಿದರೆ ಕನ್ನಡಕ್ಕೆ ತಕ್ಕ ಕಾದಂಬರಿಯೊಂದು ಹುಟ್ಟುತ್ತದೆ. ಕನ್ನಡದ ಹೊಸ ಕಥೆಗಾರರು ಇದಕ್ಕೆ ಕೈಹಾಕಬೇಕು, ಪ್ರಕಾಶಕರು ಅನುವಾದಕ್ಕಾದರೂ ಮನಸ್ಸು ಮಾಡಬೇಕು. ಮೊದಲ ಅನುವಾದಕ್ಕೆ ನನ್ನ ಮತ ‘ಲಾಂಗ್ ವೇ ಡೌನ್’ಗೆ.

ಪೋಷಕರಿಗೆ ಒಂದು ಮಾತು. ಹನ್ನೆರಡು ದಾಟಿದವರು ಲಾಕ್‌ವುಡ್ ಸರಣಿಯಿಂದ ಶುರುಮಾಡಲಿ. ಹದಿನಾಲ್ಕರ ನಂತರ ರೆನಾಲ್ಡ್ಸ್, ಥಾಮಸ್. ರಕ್ತಪಾತ ಹೆಚ್ಚಿರುವ ‘ಅನದರ್’ ಮತ್ತು ಅತ್ಯಾಚಾರದ ನೇರ ಚಿತ್ರಣವಿರುವ ‘ದ ಲವ್ಲಿ ಬೋನ್ಸ್’ ಹದಿನಾರಾದ ಮೇಲೆ. ದೆವ್ವದ ಪುಸ್ತಕ ಓದಿ ಮಕ್ಕಳು ಕೆಟ್ಟುಹೋಗುವುದಿಲ್ಲ, ಹೆಚ್ಚೆಂದರೆ ನಾಲ್ಕು ರಾತ್ರಿ ದೀಪ ಹಚ್ಚಿ ಮಲಗುತ್ತಾರೆ. ಅವರು ಓದಿದ್ದನ್ನು ನೀವೂ ಓದಿ, ಓದಿದಮೇಲೆ ಅವರನ್ನು ಮಾತಾಡಿಸಿ. ಮನೆಯಲ್ಲಿ ಹೇಳಲಾಗದ ಎಷ್ಟೋ ಸಂಗತಿಯನ್ನು ಮಕ್ಕಳು ಪುಸ್ತಕದ ಪಾತ್ರದ ನೆಪದಲ್ಲಿ ಹೇಳಿಬಿಡುತ್ತಾರೆ.